ಮಿಷನ್ನಿಗೆ ಕಾಣದ ಬಂಡಿ

"ಏಯ್ ಇಸ್ತ್ರಿ! ಆ ಚಾದರ ಎತ್ತೇ ಅತ್ಲಾಗೆ. ಹಿಂದಿರೋ ಗಾಡಿ ನಂಬರ್ ಕ್ಯಾಮೆರಾಕ್ಕೆ ಕಾಣ್ತಿಲ್ಲ."

ಸರ್ವೆ ಸಾಹೇಬ ಕಾರಿನ ಕಿಟಕಿಯನ್ನು ನಾಲ್ಕು ಬೆರಳಷ್ಟೇ ಇಳಿಸಿ ಕೂಗಿದ್ದ. ಇಸ್ತ್ರಿ ಅಕ್ಕ ಕೆಂಡದ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಂಡಿಯಿಂದ ಇಳಿಬಿದ್ದಿದ್ದ ಚಾದರವನ್ನು ಎಳೆದುಕೊಂಡಳು.

"ಆ ಗಾಡಿ ಎರಡು ವರ್ಷದಿಂದ ಅಲ್ಲೇ ಬಿದ್ದಿದೆ ಸ್ವಾಮಿ. ಚಕ್ರದಲ್ಲಿ ಗಾಳಿ ಇಲ್ಲ, ಒಳಗೆ ಬೆಕ್ಕು ಮರಿ ಹಾಕಿದೆ. ನಂಬರ್ ನಾನೇ ಹೇಳ್ತೀನಿ, ಬರ್ಕೊಳ್ಳಿ."

"ನೀನ್ ಹೇಳಿದ್ದು ಯಾವನಿಗೆ ಬೇಕು? ಮಿಷನ್ ನೋಡ್ಬೇಕು."

ನೆತ್ತಿಯ ಮೇಲೆ ಕಪ್ಪೆಗಣ್ಣಿನಂಥ ಎರಡು ಕ್ಯಾಮೆರಾ ಹೊತ್ತ ಆ ಕಾರು ಹತ್ತು ದಿನ, ಗಂಟೆಗೊಮ್ಮೆ, ಬೀದಿ ಸುತ್ತಿತು. ಯಾವ ಗಾಡಿ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನಂಬರ್ ಪ್ಲೇಟ್ ಓದಿ ಪತ್ತೆ ಹಚ್ಚುವುದು ಅದರ ಕೆಲಸವೆಂದು, ಡ್ರೈವರನ ಬೂಟು ಹೊಲಿಯುತ್ತಲೇ ವಿಷಯ ಕಕ್ಕಿಸಿದ್ದ ಪಕ್ಕದ ಚಪ್ಪಲಿ ಮಾವ ಹೇಳಿದ. ನಾಲ್ಕನೇ ದಿನ ಸಾಹೇಬ ಮುದುಡಿದ ಕೋಟನ್ನು ಬಂಡಿಯ ಮೇಲೆ ಎಸೆದು, ಗರಿಗರಿ ಮಾಡಿಸಿಕೊಂಡು, "ಸರ್ಕಾರಿ ಕೆಲಸ ಕಣೇ" ಎಂದು ನಗುತ್ತ ಹೊರಟೇಹೋದ.

ಹನ್ನೊಂದನೇ ದಿನ ಅದೇ ಕೋಟು ತೊಟ್ಟು ಬಂದ. ಕೈಯಲ್ಲಿ ಬಣ್ಣದ ನಕ್ಷೆ. ಬೆಕ್ಕು ಸಂಸಾರ ಹೂಡಿದ್ದ ಗಾಡಿಯ ಜಾಗ ಕಡುಗೆಂಪು: ನೂರಕ್ಕೆ ನೂರು ಬಳಕೆ. ಬಂಡಿಯ ಜಾಗ ತಿಳಿಹಸಿರು: ಸದಾ ಖಾಲಿ. ಖಾಲಿ ಜಾಗವನ್ನು ಎದುರು ಬಂಗಲೆಯ ಯಜಮಾನರ ನೆಂಟರ ಕಾರುಗಳಿಗೆ ಬಿಟ್ಟುಕೊಡುವುದೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಕೆಟ್ಟ ಗಾಡಿಯೂ ಆ ಯಜಮಾನರದ್ದೇ.

"ಹದಿನೆಂಟು ವರ್ಷದಿಂದ ಇಲ್ಲೇ ನಿಂತಿದೀನಲ್ಲ ಸ್ವಾಮಿ! ಹೊಟ್ಟೇಲಿದ್ದ ಮಗಳು ನನ್ನೆತ್ತರ ಬೆಳೆದ್ಲು."

"ನಿನಗೆ ನಂಬರ್ ಪ್ಲೇಟ್ ಇದ್ಯಾ?"

"ಮನುಷ್ಯರಿಗೆ ಅದನ್ನ ಎಲ್ಲಿಗೆ ಹೊಡೀತಾರೆ ಸ್ವಾಮಿ?"

ಚಪ್ಪಲಿ ಮಾವ ಕಿಸಕ್ಕನೆ ನಕ್ಕ. ಸಾಹೇಬನ ಮುಖ ಬಿಗಿಯಿತು.

"ಹಂಗಾದ್ರೆ ನೀನಿಲ್ಲ. ನಾನ್ ಹೇಳ್ತಿಲ್ಲ, ಮಿಷನ್ ಹೇಳ್ತಿದೆ. ಅದಕ್ಕೆ ಬಡವ ಬಲ್ಲಿದ ಅಂತ ಭೇದ ಇಲ್ಲ. ನಾಳೆ ಬಂಡಿ ಇಲ್ಲಿದ್ರೆ ಲಾರಿಗೆ ಎತ್ತಿ ಹಾಕಿಸ್ತೀನಿ, ಬೇವರ್ಸಿ ಮುಂಡೇದೆ."

ಅಕ್ಕ ಪೆಟ್ಟಿಗೆಗೆ ಕೆಂಡ ತುಂಬಿದಳು. ಆ ದಿನ ಎರಡು ಅಂಗಿಯ ಕಾಲರು ಸುಟ್ಟವು.

ಮರುದಿನ ಬೆಳಗ್ಗೆ ಜಾಗ ತೆರವಾದದ್ದರ ಫೋಟೊ ತೆಗೆಯಲು ಕಾರು ಬಂತು. ಬಂಡಿ ಇದ್ದಲ್ಲೇ ಇತ್ತು. ಅದಕ್ಕೂ ಕೆಟ್ಟ ಗಾಡಿಗೂ ನಡುವೆ ಒಂದು ಕಾರು ಹಿಡಿಯುವಷ್ಟಿದ್ದ ಸಂದಿಯಲ್ಲಿ, ಗಾಡಿಗೆ ಮೂತಿ ತಾಗುವಂತೆ, ಡ್ರೈವರ್ ಕಾರು ನಿಲ್ಲಿಸಿದ. ಅಕ್ಕ ಮಾವನತ್ತ ನೋಡಿದಳು. ಮಾವ ಬಗ್ಗಿ, ಬಂಡಿಯ ಗಾಲಿಗೆ ಕೊಟ್ಟಿದ್ದ ಇಟ್ಟಿಗೆಗಳನ್ನು ಕಿತ್ತ. ಇಬ್ಬರೂ ಹೆಗಲು ಕೊಟ್ಟರು. ತುಕ್ಕು ಹಿಡಿದ ಗಾಲಿಗಳು ಕಿರೋ ಎಂದು ಅರಚುತ್ತ ಉರುಳಿ, ಬಂಡಿ ಕಾರಿನ ಹಿಂಬದಿಗೆ ಒತ್ತಿ ನಿಂತಿತು. ಮಾವ ಮತ್ತೆ ಇಟ್ಟಿಗೆ ಕೊಟ್ಟ. ಮುಂದೆ ಬೆಕ್ಕಿನ ಮನೆ, ಹಿಂದೆ ಕೆಂಡದ ಬಂಡಿ, ಕಾರು ಸಿಕ್ಕಿಬಿತ್ತು.

"ಏಯ್, ಬಂಡಿ ತೆಗಿಯೇ!"

"ಯಾವ ಬಂಡಿ ಸ್ವಾಮಿ?" ಅಕ್ಕ ಕೆಂಡ ಊದುತ್ತ ಕೇಳಿದಳು. "ಮಿಷನ್ ನೋಡಿ ಹೇಳಿ."

ಡ್ರೈವರ್ ಅಭ್ಯಾಸಬಲದಿಂದ ಪರದೆ ನೋಡಿಬಿಟ್ಟ. "ಹಿಂದೆ ಖಾಲಿ ಅಂತಿದೆ ಸಾರ್."

"ಖಾಲಿ ಅಂತೆ," ಅಂದಳು ಅಕ್ಕ. "ತಗೊಳ್ಳಿ ರಿವರ್ಸು."

ಡ್ರೈವರ್ ಸ್ಟೀರಿಂಗ್ ಬಿಟ್ಟು ಕೈಕಟ್ಟಿ ಕೂತ. ಬೀದಿಯ ಮನೆಗೆಲಸದವರು, ಕಸ ಗುಡಿಸುವವರು ಒಬ್ಬೊಬ್ಬರಾಗಿ ಬಂದು ಬಂಡಿಯ ಸುತ್ತ ನಿಂತರು. ಅವರಲ್ಲಿ ಯಾರಿಗೂ ಪ್ಲೇಟ್ ಇರಲಿಲ್ಲ. ಸಾಹೇಬ ಬೆವರುತ್ತ ಪೊಲೀಸರಿಗೆ ಫೋನ್ ಹಚ್ಚಿದ.

"ಅಡ್ಡ ಹಾಕ್ಬಿಟ್ಟಿದಾರೆ ಕಣ್ರೀ, ಬೇಗ ಬನ್ನಿ!"

ಅತ್ತಲಿನ ದನಿ ಬೀದಿಗೆಲ್ಲ ಕೇಳಿಸಿತು: "ಅಡ್ಡ ನಿಂತಿರೋ ಗಾಡಿ ನಂಬರ್ ಹೇಳಿ ಸಾರ್."

ಸಾಹೇಬ ಕಿಟಕಿಯಿಂದ ಕತ್ತು ಚಾಚಿ ಬಂಡಿಯ ಗಾಲಿ, ಇಟ್ಟಿಗೆ ನೋಡಿದ.

"ನಂಬರ್ ಸಾರ್, ನಂಬರ್!"

ಅಕ್ಕ ಅಂಗಿಯೊಂದನ್ನು ಹರವಿ, ನೀರು ಚಿಮುಕಿಸಿ, ಕಾದ ಪೆಟ್ಟಿಗೆಯನ್ನು ಚುಯ್ಯೆಂದು ಒತ್ತಿದಳು.