ಒರೆಸದ ಅಚ್ಚು

ಕಾಫಿ ಮತ್ತೆ ಉಕ್ಕಿತು, ಒಲೆಯ ಮೇಲೆ ಸುಂಯ್ ಎಂದಿತು, ಏಲಕ್ಕಿ ಸೀದ ವಾಸನೆ, ಸಕ್ಕರೆ ಹಾಕದ ಕಾಫಿಯ ವಾಸನೆಯೇ ಬೇರೆ, ಸಾವಿನ ಮನೆಯ ಕಾಫಿ, ಅದು ತನ್ನ ಒಲೆಯ ಮೇಲೆ ತನ್ನದೇ ಪಾತ್ರೆಯಲ್ಲಿ ಕುದಿಯುತ್ತಿದೆ, ಕುದಿಸುತ್ತಿರುವವಳು ಪಕ್ಕದ ಮನೆಯ ಹಾಜ್ಜಾ ಬದ್ರಿಯ್ಯಾ, ಕುದಿಸಲಿ, ಊರಿಗೆಲ್ಲ ಹಂಚಲಿ — ನುಹಾದ್ ತಿರುಗಿ ನೋಡಲಿಲ್ಲ. ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಮಂಡಿಯೂರಿ, ಮಗನ ಕಪಾಟಿನ ಬಾಗಿಲನ್ನು ಕಳಚಿ ನೆಲಕ್ಕೆ ಹಾಸಿಕೊಂಡು, ಅದಕ್ಕೆ ಮೈದಾ ಅಂಟು ಬಳಿಯುತ್ತಿದ್ದಳು. ಅಂಟು ಗಂಟುಗಂಟಾಗಿದೆ, ಬೆರಳಲ್ಲಿ ಒಡೆಯಬೇಕು, ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಮಕ್ಕಳಿಗೆ ದಿನಾ ಹೇಳುವ ಮಾತೇ, ಮೊದಲು ತಣ್ಣೀರಲ್ಲಿ ಕಲಸಿ ಆಮೇಲೆ ಬಿಸಿಗಿಡಿ ಎಂದು, ಇವತ್ತು ಅವಳೇ ಮರೆತಿದ್ದಳು. ಮೊದಲು ಅವನ ಲೆಕ್ಕದ ಪುಸ್ತಕದ ಚೌಕುಳಿ ಹಾಳೆ, ಅದರ ಮೇಲೆ ಗೋಡೆಯಿಂದ ಕಿತ್ತು ತಂದ ಎಲೆಕ್ಷನ್ ಪೋಸ್ಟರಿನ ಚೂರು, ಬರೀ ಹಲ್ಲು, ಯಾರದೋ ನಗು, ಅದರ ಪಕ್ಕ ಅವನು ಜೇಬಲ್ಲಿ ಬಿಟ್ಟು ಹೋದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ಸೇದ್ತಿದ್ದೆಯೇನೋ ಕಳ್ಳಾ, ಅಮ್ಮನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆಯಾ. ಹಜಾರದಲ್ಲಿ ಕುರ್ಚಿ ಎಳೆದ ಸದ್ದು, ಮತ್ತೆ ಯಾರೋ ಬಂದರು, ಮತ್ತೆ ಅದೇ ಮಾತು, ಅಲ್ಲಾಹ ನಿಮ್ಮ ಪುಣ್ಯ ದೊಡ್ಡದು ಮಾಡಲಿ ಅಬು ಹೈಸಮ್, ಅದಕ್ಕೆ ಅವಳ ಗಂಡನ ದನಿ, ಬಾವಿಯೊಳಗಿಂದ ಬಂದ ಹಾಗೆ, ನಿಮ್ಮ ಆಯಸ್ಸು ಉಳಿಯಲಿ, ನಿಮ್ಮ ಆಯಸ್ಸು ಉಳಿಯಲಿ. ಯಾರ ಆಯಸ್ಸಯ್ಯಾ, ಸತ್ತವರು ಯಾರು ಈ ಮನೆಯಲ್ಲಿ? ದೋಣಿ ಮುಳುಗಿತು, ಅದು ನಿಜ. ಚಳಿಗಾಲದಲ್ಲಿ ಮೀನಾ ಬಂದರಿನ ಆಚೆಯ ಮರಳಿನಿಂದ ಅಷ್ಟು ಜನರನ್ನು ತುಂಬಿಕೊಂಡು ಕಡಲಾಚೆಯ ದೇಶಕ್ಕೆ ಕದ್ದು ಹೊರಟ ದೋಣಿ. ಕೆಲವರು ದಡಕ್ಕೆ ಬಂದರು, ಕೆಲವರನ್ನು ಸಮುದ್ರ ತಂದು ಹಾಕಿತು, ಮಗ ಹೈಸಮ್ ಎರಡು ಲೆಕ್ಕಕ್ಕೂ ಸಿಕ್ಕಲಿಲ್ಲ. ಸಿಕ್ಕದವನು ಸತ್ತವನಲ್ಲ. ಎಲ್ಲೋ ಆಚೆ ದಡದ ಆಸ್ಪತ್ರೆಯಲ್ಲಿ, ಎಲ್ಲೋ ಜೈಲಿನಲ್ಲಿ, ಬಾಯಿಗೆ ಮಾತು ಬಾರದೆ ಬಿದ್ದಿರಬಹುದು, ಕಣ್ಣು ಬಿಟ್ಟುಕೊಂಡು.

ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದ, ತೊಟ್ಟಿಲಲ್ಲಿದ್ದಾಗಿಂದಲೂ ಹಾಗೇ, ಅರೆ ತೆರೆದ ರೆಪ್ಪೆಯ ಕೆಳಗೆ ಕಪ್ಪು ಗುಡ್ಡೆ ಹೊಳೆಯುತ್ತಿತ್ತು, ಅವಳಿಗೆ ಭಯವಾಗಿ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು, ಅತ್ತೆ ಬಂದು ರೆಪ್ಪೆ ಮುಚ್ಚಲು ಹೋದರೆ ಅಬು ಹೈಸಮ್ ನಗುತ್ತಿದ್ದ, ಬಿಡಮ್ಮಾ, ಬೆಸ್ತರ ಮಗ ಅವನು, ಮೀನಿಗೆಲ್ಲಿ ರೆಪ್ಪೆ. ಆಗ ನಗುತ್ತಿದ್ದ ಗಂಡ. ಈಗ ಬಲೆ ಒಣಗಿ ಗೋಡೆಗೆ ನೇತಾಡುತ್ತಿದೆ, ದೋಣಿ ತಲೆಕೆಳಗಾಗಿ ಮರಳ ಮೇಲಿದೆ, ಅದಕ್ಕೆ ಬಳಿಯಬೇಕೆಂದು ತಂದಿಟ್ಟ ಕಪ್ಪು ಬಣ್ಣದ ಡಬ್ಬಿಯನ್ನು ಅವಳು ತೆಗೆದುಕೊಂಡಾಗ ಅವನು ಬೇಡವೆನ್ನಲಿಲ್ಲ, ಏನಕ್ಕೆ ಎಂದೂ ಕೇಳಲಿಲ್ಲ. ದೋಣಿಯ ಹೊಟ್ಟೆಗೆ ಬಳಿಯುವ ಬಣ್ಣ, ದಪ್ಪ, ಡಾಂಬರಿನ ವಾಸನೆ, ಒಣಗಿದರೆ ಕಲ್ಲು, ಉಪ್ಪುನೀರು ತಿಂದರೂ ಅಲುಗುವುದಿಲ್ಲ. ಗೋಡೆ ಗೋಡೆಗೆ ಅವನ ಮುಖ ಹಚ್ಚುವ ಅಚ್ಚು ಕೊರೆಯಲು ರಟ್ಟು ಬೇಡವೆನಿಸಿತ್ತು, ರಟ್ಟು ನೆನೆದು ಮೆತ್ತಗಾಗುತ್ತದೆ, ಬೇಕಾದದ್ದು ಎಕ್ಸರೇ ಹಾಳೆ, ಮನೆಯಲ್ಲಿದ್ದದ್ದು ಒಂದೇ, ಅವನ ಎದೆಯದು, ಏಳು ವರ್ಷದವನು ಜ್ವರ ಬಂದು ಮಲಗಿದ್ದಾಗ ತೆಗೆಸಿದ್ದು, ಡಾಕ್ಟರು ಬೆಳಕಿಗೆ ಹಿಡಿದು, ನೋಡಿಯಮ್ಮಾ ಈ ಬೆಳ್ಳಗಿರೋದು, ಎದೇಲಿ ನೀರು ಕಟ್ಟಿದೆ. ನೀರು. ಅವತ್ತು ಸೂಜಿ ಹಾಕಿ ತೆಗೆದರು, ಅವನು ಅಳಲಿಲ್ಲ, ಅತ್ತದ್ದು ಅವಳೇ, ನನ್ನ ಮಣ್ಣು ನೀನೇ ಮಾಡಬೇಕು ಕಣೋ ಎಂದು ಅವಳು ಮುದ್ದಿಸಿದಾಗ, ಇಲ್ಲಿ ಎಲ್ಲ ತಾಯಂದಿರೂ ಹಾಗೆಯೇ ಮುದ್ದಿಸುವುದು, ಸರಿ ಮಾಡ್ತೀನಿ, ಈಗ ಚಾಕೊಲೇಟ್ ಕೊಡು ಎಂದಿದ್ದ. ಆ ಹಾಳೆಯ ಮೇಲೇ ಅವನ ಮುಖ ಬರೆದಳು, ಬ್ಲೇಡಿನಲ್ಲಿ ಕೊರೆದಳು, ಕೂದಲು, ಹುಬ್ಬು, ಮೂಗಿನ ನೆರಳು, ತುಟಿ, ಗದ್ದದ ಕೆಳಗೆ ಹಾಳೆ ಹರಿಯದಂತೆ ಒಂದು ಸಣ್ಣ ಸೇತುವೆ ಬಿಟ್ಟಳು, ಕಣ್ಣನ್ನು ಕೊನೆಗೆ ಕೊರೆದಳು, ದೊಡ್ಡದಾಗಿ, ಬಾದಾಮಿಯ ಹಾಗೆ, ಬೇಕೆಂದೇ ಇದ್ದದ್ದಕ್ಕಿಂತ ಒಂದು ಗೆರೆ ಹೆಚ್ಚು ಅಗಲ ಮಾಡಿ. ನೋಡಿದವರು ಮರೆಯಬಾರದು.

ಮೊದಲ ಗೋಡೆ ರೊಟ್ಟಿ ಅಂಗಡಿಯದು, ಬೆಳಿಗ್ಗೆ ಜನ ಸಾಲು ನಿಲ್ಲುವ ಜಾಗ, ಹಾಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಸ್ಪಂಜಿನಲ್ಲಿ ಬಣ್ಣ ತಟ್ಟಿದಳು, ತಟ್ ತಟ್ ತಟ್, ತೆಗೆದರೆ ಮಗ ನಿಂತಿದ್ದ, ಅವಳನ್ನೇ ನೋಡುತ್ತಿದ್ದ, ಎಂಥ ಕಣ್ಣು, ಕೆಳಗೆ ಹೆಸರು ಬರೆದಳು, ಹೈಸಮ್, ಅಷ್ಟೇ, ಬೇರೇನೂ ಬೇಕೆನಿಸಲಿಲ್ಲ, ಮನೆ ಎಲ್ಲರಿಗೂ ಗೊತ್ತು, ಕಂಡವರು ಬಂದು ಹೇಳಲಿ. ಆಮೇಲೆ ಮೀನು ಮಾರ್ಕೆಟ್ಟು, ಆಮೇಲೆ ಶಾಲೆಯ ಕಾಂಪೌಂಡು, ಟ್ಯಾಕ್ಸಿ ನಿಲ್ದಾಣ, ಹಳೇ ಸ್ನಾನದ ಮನೆ ಹಮಾಮಿನ ಹಿಂದುಗಡೆ, ನೀರಿನ ಟ್ಯಾಂಕು, ಸಿಕ್ಕ ಸಿಕ್ಕ ಗೋಡೆ. ಯಾರೂ ಬಂದು ಹೇಳಲಿಲ್ಲ. ಬಂದವರು ಖರ್ಜೂರದ ಪೊಟ್ಟಣ ತಂದರು. ಮೊದಲು ಬಂದದ್ದು ರೊಟ್ಟಿ ಅಂಗಡಿಯ ಫವ್ವಾಜ್, ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತವನು, ತಡವಾಯ್ತು ಕ್ಷಮಿಸಿ ಉಮ್ಮು ಹೈಸಮ್, ಗೋಡೆ ನೋಡಿದ ಮೇಲೇ ಗೊತ್ತಾಗಿದ್ದು. ಏನು ಗೊತ್ತಾಯ್ತು? ಅಯ್ಯೋ, ಇದೇನು ಕೇಳ್ತೀರಿ, ಈ ಊರಲ್ಲಿ ಗೋಡೆ ಮೇಲೆ ಮುಖ ಬಂತು ಅಂದ್ರೆ ಒಂದೋ ಎಲೆಕ್ಷನ್‌ಗೆ ನಿಂತಿರ್ಬೇಕು, ಇಲ್ಲಾ ಸತ್ತಿರ್ಬೇಕು, ನಿಮ್ಮ ಹುಡುಗ ಕೋಟು ಟೈ ಹಾಕಿರ್ಲಿಲ್ಲ. ಹಾಗೆಂದು ಹೇಳಿ ತನ್ನ ಮಾತಿಗೆ ತಾನೇ ಬೆಚ್ಚಿ ತಲೆ ತಗ್ಗಿಸಿದ. ಅವಳೂ ಇದೇ ಊರಲ್ಲಿ ಹುಟ್ಟಿದವಳಲ್ಲವೇ, ಗಲಾಟೆಯಲ್ಲಿ ಗುಂಡು ತಿಂದವರ ಮುಖ, ಮೋಟರ್‌ಸೈಕಲಿನಲ್ಲಿ ಹೋದವರ ಮುಖ, ಹುಟ್ಟಿದಾಗಿಂದ ಗೋಡೆ ಗೋಡೆಯಲ್ಲಿ ನೋಡಿದವಳಲ್ಲವೇ, ಗೋಡೆಗೆ ಏರಿದ ಹುಡುಗ ಮನೆಗೆ ಬರುವುದಿಲ್ಲವೆಂದು ಮೂರು ವರ್ಷದ ಮಗುವಿಗೂ ಗೊತ್ತಿರುವ ಊರು, ಹೇಗೆ ಹೊಳೆಯಲಿಲ್ಲ ನಿನಗೆ, ಕೈಯಾರೆ ನೀನೇ ಊರಿಗೆಲ್ಲ ಸಾರಿದೆಯಲ್ಲೇ. ಸ್ಪಂಜು ಎಲ್ಲಿ. ಅಂಟು ಒಣಗುತ್ತಿದೆ. ಬೆಳ್ಳಿ ಕಾಗದದ ಮೂಲೆ ಎದ್ದಿದೆ, ಒತ್ತು, ಹೆಬ್ಬೆರಳಲ್ಲಿ ಒತ್ತು, ಗಾಳಿ ಉಳಿಯಬಾರದು.

ಬಾಗಿಲಲ್ಲಿ ನೆರಳು. ಅಬು ಹೈಸಮ್. ಗಡ್ಡ ಬೆಳೆದಿದೆ, ಅಂಗಿ ಮಾತ್ರ ಇಸ್ತ್ರಿಯದು, ಯಾರು ಮಾಡಿಕೊಟ್ಟರೋ, ತಾನಂತೂ ಅಲ್ಲ. ಉಮ್ಮು ಹೈಸಮ್, ಶೇಖ್ ಹೇಳಿ ಕಳಿಸಿದ್ದಾರೆ, ಜುಮಾ ನಮಾಜು ಆದ್ಮೇಲೆ ಮಾಡಿಸ್ಲಾ ಅಂತ ಕೇಳ್ತಿದ್ದಾರೆ. ಏನು ಮಾಡಿಸೋದು? ಗೊತ್ತಿದ್ದೂ ಕೇಳಬೇಡ, ದೇಹ ಸಿಗದವರಿಗೆ ಮಾಡೋ ನಮಾಜು. ತಾಯಿ ಒಪ್ಪದೆ ಮಾಡ್ಸಲ್ಲ ಅಂದಿದ್ದಾರೆ, ಅದಕ್ಕೇ ಕೇಳ್ತಿರೋದು. ಹಾಗಾದ್ರೆ ಮಾಡಿಸ್ಬೇಡಿ ಅನ್ನು. ಅವನು ಹೋಗಲಿಲ್ಲ, ಚೌಕಟ್ಟಿಗೆ ಒರಗಿದ, ಕೈಯಲ್ಲಿ ಖಾಲಿ ಕಾಫಿ ಬಟ್ಟಲು, ಅದನ್ನು ತಿರುಗಿಸುತ್ತಾ, ನಲವತ್ತು ವರ್ಷ ಆಯ್ತು ನಾನು ಆ ನೀರಲ್ಲಿ, ಆ ತಿಂಗಳ ನೀರು ನಂಗೆ ಗೊತ್ತು, ಮನುಷ್ಯ ಎಷ್ಟು ಹೊತ್ತು ತಡೀತಾನೆ ಅಂತ ನಂಗೆ ಗೊತ್ತು, ನೀನು ಕೇಳ್ಬೇಡ, ನಾನು ಹೇಳಲ್ಲ. ನಾನು ಕೇಳ್ಲಿಲ್ಲ ಎಂದಳು ಅವಳು. ಹೂಂ, ಕೇಳ್ಲಿಲ್ಲ. ಜನರನ್ನ ನಾನು ಕರೆದಿಲ್ಲ ನುಹಾದ್, ನಿನ್ನ ಗೋಡೆ ನೋಡೇ ಬಂದಿದ್ದಾರೆ. ನುಹಾದ್ ಎಂದ. ಮದುವೆಯಾದ ಹೊಸತರಲ್ಲಿ ಹಾಗೆ ಕರೆಯುತ್ತಿದ್ದ, ಮಗ ಹುಟ್ಟಿದ ದಿನದಿಂದ ಅವಳು ಹೈಸಮನ ತಾಯಿ, ಉಮ್ಮು ಹೈಸಮ್, ಅವನು ಹೈಸಮನ ತಂದೆ, ಈಗ ಮಗನ ಹೆಸರನ್ನು ಕಳಚಿ ಬರೀ ನುಹಾದ್ ಎಂದನಲ್ಲ, ಬಾಯಿ ತಪ್ಪಿಯೋ, ಬೇಕೆಂದೋ. ಅವಳಿಗೆ ಮೈ ಉರಿಯಿತು. ನನ್ನ ಗೋಡೆಯಿಂದ ಬಂದವರನ್ನ ನಾನೇ ಕಳಿಸ್ತೀನಿ ಬಿಡು, ಇದನ್ನ ಮುಗಿಸಿ ಹಜಾರಕ್ಕೆ ತರ್ತೀನಿ, ಅವರ ಮುಂದೆ ನಿಲ್ಲಿಸ್ತೀನಿ, ನೋಡಿ ಇವನ ಕಣ್ಣು ಅಂತೀನಿ, ಸತ್ತವನ ಕಣ್ಣಾ ಇದು ಅಂತ ಕೇಳ್ತೀನಿ. ಅವನು ಕಪಾಟಿನ ಬಾಗಿಲನ್ನು ನೋಡಿದ, ಮಗನ ಲೆಕ್ಕದ ಹಾಳೆ, ಯಾರದೋ ಹಲ್ಲು, ಬೆಳ್ಳಿ ಕಾಗದ, ಮಗನ ಹಳೇ ಅಂಗಿಯ ಜೇಬು, ಗುಂಡಿಯ ಸಮೇತ ಅಂಟಿಸಿದ್ದು. ಸರಿ. ತಾ. ಇದನ್ನ ನೋಡಿ ಅಲ್ಲಿ ಕೂತಿರೋರಲ್ಲಿ ಒಬ್ಬ, ಒಬ್ಬೇ ಒಬ್ಬ, ಬದುಕಿದ್ದಾನೆ ಅನ್ಲಿ, ಕುರ್ಚಿ ಎಲ್ಲಾ ವಾಪಸ್ ಕಳಿಸಿಬಿಡ್ತೀನಿ, ಶೇಖ್ ಹತ್ರ ನಾನೇ ಹೋಗಿ ಹೇಳ್ತೀನಿ. ಯಾರೂ ಅನ್ಲಿಲ್ಲ ಅಂದ್ರೆ? ಅವನು ಬಟ್ಟಲನ್ನು ಬೋರಲಿಟ್ಟು ಹೋದ.

ಒಬ್ಬನಾದರೂ ಅಂದೇ ಅನ್ನುತ್ತಾನೆ. ಅನ್ನುತ್ತಾರೆ. ಆ ಕಣ್ಣು ನೋಡಿ ಹೇಗೆ ಅನ್ನದಿರುತ್ತಾರೆ. ಬದ್ರಿಯ್ಯಾ ಒಳಗಿಂದ ಬಗ್ಗಿ ನೋಡಿದಳು, ಒಂದು ಗುಟುಕು ಕುಡಿಯೇ ತಾಯಿ, ಬೆಳಗಿಂದ ಹೊಟ್ಟೆಗೆ ಏನೂ ಇಲ್ಲ, ಈ ಡಾಂಬರು ವಾಸನೇಲಿ ತಲೆ ತಿರುಗಿ ಬೀಳ್ತೀಯ, ಬಿದ್ರೆ ಎತ್ತೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ ಮೊದ್ಲೇ ಹೇಳ್ತೀನಿ. ಸಕ್ಕರೆ ಹಾಕಿದ್ರೆ ಕುಡೀತೀನಿ ಹಾಜ್ಜಾ. ಇವತ್ತು ಸಕ್ಕರೆ ಹಾಕ್ಬಾರ್ದು ಕಣೇ. ಹಾಗಾದ್ರೆ ಕುಡಿಯಲ್ಲ. ಮುದುಕಿ ನಿಟ್ಟುಸಿರಿಟ್ಟಳು, ನಿನ್ನೆ ಬಂದರಿನ ಗೋಡೆ ಹತ್ರ ಹೋಗಿದ್ದೆ, ನೀನು ಈಚೆಗೆ ಬರೆದಿದ್ದೀಯಲ್ಲ ಅದು, ಎಷ್ಟು ಶಾಂತ ಇದೆಯೇ ಅವನ ಮುಖ, ಮಲಗಿರೋ ಹಾಗೇ ಇದ್ದಾನೆ ಪಾಪ. ಬಾಯಿ ಮುಚ್ಚು ಹಾಜ್ಜಾ, ಕಣ್ಣು ಕಾಣ್ದಿದ್ರೆ ಕನ್ನಡಕ ಹಾಕ್ಕೋ. ಮುದುಕಿ ಬೇಸರಿಸಲಿಲ್ಲ, ಹಿಂದಕ್ಕೆ ಹೋದಳು. ಮಲಗಿರೋ ಹಾಗೆ! ಬಂದರಿನ ಗೋಡೆಗೆ ಹಚ್ಚುವಾಗ ಸಂಜೆ ಕವಿದಿತ್ತು, ಗಾಳಿ, ತುಂತುರು ಉಪ್ಪುನೀರು, ಅವಳು ಸರಿಯಾಗಿ ನೋಡಿರಲಿಲ್ಲ, ಹಚ್ಚಿ ಹಾಳೆ ಸುತ್ತಿಕೊಂಡು ಓಡಿ ಬಂದಿದ್ದಳು. ಬಹಳ ಗೋಡೆಗಳನ್ನು ಹಾಗೆಯೇ, ಮೊದಮೊದಲು ನಿಂತು ನೋಡುತ್ತಿದ್ದಳು, ಆಮೇಲಾಮೇಲೆ ತಟ್ಟುವುದು, ತೆಗೆಯುವುದು, ಮುಂದಿನದಕ್ಕೆ ಹೋಗುವುದು, ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಹಿಟ್ಟು ತಟ್ಟಿದ ಹಾಗೆ.

ಈಗ ಅಚ್ಚು. ಹಾಸಿಗೆಯ ಕೆಳಗಿಂದ ತಂದಿಟ್ಟಿದ್ದ ಎಕ್ಸರೇ ಹಾಳೆಯನ್ನು ಬಿಚ್ಚಿದಳು, ಭಾರವಾಗಿತ್ತು, ಮೊದಲು ಇಷ್ಟು ಭಾರವಿರಲಿಲ್ಲ, ಪದರದ ಮೇಲೆ ಪದರ ಕಪ್ಪು ಬಣ್ಣ ಕಟ್ಟಿ ತೊಗಟೆಯ ಹಾಗಾಗಿದೆ, ಪಕ್ಕೆಲುಬುಗಳೂ ಕಾಣುತ್ತಿಲ್ಲ. ಪ್ರತಿಸಲ ಹಚ್ಚಿದ ಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು, ಅದೂ ಮಕ್ಕಳಿಗೆ ಹೇಳಿಕೊಡುವ ಪಾಠವೇ, ಅಚ್ಚು ಒರೆಸದಿದ್ದರೆ ಅಂಚು ಕೆಡುತ್ತೆ. ಮೊದಲ ದಿನ ಒರೆಸಲು ಕೂತಿದ್ದಳು. ನೆಲಕ್ಕೆ ಹಾಸಿ, ಬಟ್ಟೆ ಅದ್ದಿ ಹಿಂಡಿ, ಹಣೆಯಿಂದ ಶುರುಮಾಡಿ ಬಲಗಡೆಯ ಕೆನ್ನೆಗೆ ತಂದಳು, ಬಲಗಡೆ ಮೊದಲು, ಆಮೇಲೆ ಎಡಗಡೆ — ಅಲ್ಲಿಗೇ ಕೈ ನಿಂತಿತ್ತು. ಅಪ್ಪನಿಗೆ ಹೀಗೆಯೇ ಮಾಡಿದ್ದರು, ಅಜ್ಜಿಗೆ ಅವಳೇ ಮಾಡಿದ್ದಳು, ಹೀಗೇ ಬಟ್ಟೆ ಹಿಂಡಿ, ಹೀಗೇ ಬಲಗಡೆಯಿಂದ, ಹೆಣಕ್ಕೆ ಸ್ನಾನ ಮಾಡಿಸುವ ರೀತಿ ಅದು. ಬಟ್ಟೆಯನ್ನು ಎಸೆದುಬಿಟ್ಟಳು. ನಿನ್ನನ್ನ ತೊಳೆಯಲ್ಲ ಕಣೋ, ಯಾರಿಗೂ ತೊಳೆಯೋಕೆ ಬಿಡಲ್ಲ ಎಂದಿದ್ದಳು, ಎಕ್ಸರೇ ಹಾಳೆಗೆ, ಹುಚ್ಚಿಯ ಹಾಗೆ. ಆವತ್ತಿಂದ ಒರೆಸಲಿಲ್ಲ. ಕೊಳೆ ಇದ್ದರೆ ಇರಲಿ, ಬದುಕಿದ್ದವರಿಗೇ ಅಲ್ಲವೇ ಕೊಳೆ. ಹಾಳೆಯನ್ನು ಕಪಾಟಿನ ಬಾಗಿಲ ಮೇಲಿಟ್ಟಳು, ಲೆಕ್ಕದ ಚೌಕುಳಿ ಹಣೆಗೆ ಬರುವಂತೆ, ಅಂಗಿಯ ಜೇಬು ಕುತ್ತಿಗೆಯ ಕೆಳಗೆ, ಬೆಳ್ಳಿ ಕಾಗದ ಸರಿಯಾಗಿ ಕಣ್ಣಿನಡಿಗೆ, ಅದಕ್ಕೆಂದೇ ಅಲ್ಲಿ ಅಂಟಿಸಿದ್ದು, ಕಣ್ಣಿನ ಸುತ್ತ ಹೊಳೆಯಲಿ, ತೊಟ್ಟಿಲಲ್ಲಿ ಹೊಳೆಯುತ್ತಿದ್ದ ಹಾಗೆ. ಎಡಗೈಯಲ್ಲಿ ಒತ್ತಿದಳು. ಸ್ಪಂಜು ಅದ್ದಿದಳು. ಕೂದಲು, ತಟ್ ತಟ್, ಹುಬ್ಬು, ಮೂಗು, ತುಟಿ, ನಗಬೇಡ ಅಲುಗಾಡಬೇಡ, ಫೋಟೋಗೆ ನಿಲ್ಲಿಸಿದಾಗಲೂ ನಿಲ್ಲುತ್ತಿರಲಿಲ್ಲ, ಈಗ ಕಣ್ಣು, ಬಲಗಣ್ಣು, ಎಡಗಣ್ಣು, ಮೆಲ್ಲಗೆ, ಹೆಬ್ಬೆರಳಿಂದ ಸ್ಪಂಜನ್ನು ಒತ್ತಿ. ದೂರದಲ್ಲಿ ಮಸೀದಿಯ ಮೈಕು ಕೆಮ್ಮಿತು. ಹಜಾರದಲ್ಲಿ ಕುರ್ಚಿಗಳು ಸರಿದವು. ಬಾಗಿಲಲ್ಲಿ ಮತ್ತೆ ಅದೇ ನೆರಳು, ಆಯ್ತಾ? ಆಯ್ತು, ಆಯ್ತು, ನೀನೇ ನೋಡು, ಎಂದು ಹಾಳೆಯನ್ನು ಎತ್ತಿದಳು.

ಕೂದಲು ಅವನದೇ. ತುಟಿ ಅವನದೇ, ಸ್ವಲ್ಪ ತೆಳ್ಳಗಾಗಿದೆ. ಬೆಳ್ಳಿ ಕಾಗದ ಹೊಳೆಯುತ್ತಿದೆ, ಇಡೀ ಕಾಗದ ಹೊಳೆಯುತ್ತಿದೆ, ಅದರ ಮೇಲೆ ಕಣ್ಣಿರಬೇಕಾದಲ್ಲಿ ಎರಡು ಗೆರೆ. ತಪ್ಪಾಗಿದೆ, ಬಣ್ಣ ಇಳಿದಿಲ್ಲ, ಸರಿಯಾಗಿ ಒತ್ತಿಲ್ಲ — ಹಾಳೆಯನ್ನು ಬಿಸಿಲಿಗೆ ಹಿಡಿದಳು, ಡಾಕ್ಟರು ಹಿಡಿದ ಹಾಗೆ, ಬಾದಾಮಿಯಷ್ಟು ಅಗಲ ಕೊರೆದ ತೂತುಗಳ ಅಂಚಿಗೆ ಕಪ್ಪು ಕಟ್ಟಿ ಕಟ್ಟಿ, ಮೇಲಿನದು ಕೆಳಗೆ ಇಳಿದು, ಕೆಳಗಿನದು ಮೇಲೆ ಏರಿ, ನಡುವೆ ಒಂದು ದಾರದೆಳೆಯಷ್ಟು ಬೆಳಕು. ಉಗುರು ಹಾಕಿ ಕೆರೆದಳು, ಬರಲಿಲ್ಲ, ದೋಣಿಯ ಬಣ್ಣ, ಉಪ್ಪುನೀರಿಗೂ ಬಾರದ್ದು. ರೊಟ್ಟಿ ಅಂಗಡಿಯ ಗೋಡೆಯಲ್ಲಿ ಅಗಲ, ಮಾರ್ಕೆಟ್ಟಿನಲ್ಲಿ ಅಗಲ, ಶಾಲೆಯ ಹತ್ತಿರ ಒಂದಿಷ್ಟು ಕಮ್ಮಿ, ಟ್ಯಾಕ್ಸಿ ನಿಲ್ದಾಣ, ಹಮಾಮು, ನೀರಿನ ಟ್ಯಾಂಕು, ಬಂದರು, ಮಲಗಿರೋ ಹಾಗೇ ಇದ್ದಾನೆ ಪಾಪ, ಅವನು ಹಾಗೆ ಮಲಗುತ್ತಿರಲಿಲ್ಲ ಹಾಜ್ಜಾ, ಅವನು ಯಾವತ್ತೂ ಹೀಗೆ ಮಲಗಿದವನಲ್ಲ. ಅಪ್ಪ ಹೋದಾಗ ಕಣ್ಣು ಮುಚ್ಚಿದವಳು ಅವಳೇ, ಹತ್ತಿರದವರೇ ಮುಚ್ಚಬೇಕು, ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿಯಬೇಕು, ಒಂದೇ ಸಲಕ್ಕೆ ನಿಲ್ಲುವುದಿಲ್ಲ ರೆಪ್ಪೆ, ಮತ್ತೆ ತೆರೆದುಕೊಳ್ಳುತ್ತದೆ, ಮತ್ತೆ ಒತ್ತಬೇಕು, ಮತ್ತೆ, ಗೋಡೆಯಿಂದ ಗೋಡೆಗೆ, ಮತ್ತೆ. ಗಂಡ ಅವಳ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಅವಳ ಹೆಬ್ಬೆರಳು ಕಪ್ಪಾಗಿದೆ. ಬೆಳ್ಳಿಯ ಮೇಲೆ ಎರಡು ಗೆರೆ. ಇನ್ನೂ ಹಸಿ. ಎರಡು ಗೆರೆ.