ನಬೀಸಾಬರ ಕೆಮ್ಮು, ಮೇರಿ ಕ್ಯೂರಿಯ ಗಾಡಿ

ನಮ್ಮ ಅಬ್ಬಿಗೇರಿಯ ಹಿಂದಿನ ಓಣಿಗೆ ಯಾರಾದರೂ ಮನೆ ಹುಡುಕಿಕೊಂಡು ಬಂದರೆ, "ಕೆಮ್ಮು ಕೇಳತೈತಲ್ಲ, ಅದರ ಮಗ್ಗಲದ ಮನಿ" ಎಂದು ಗುರುತು ಹೇಳುವ ಹೊತ್ತು ಬಂದಿತ್ತು. ಕೆಮ್ಮುತ್ತಿದ್ದವರು ಗಾದಿ ಮಾಡುವ ನಬೀಸಾಬ ಚಾಚಾ. ನಲವತ್ತು ವರ್ಷ ಅರಳೆ ಹಿಂಜಿ, ಊರಿನ ಅರ್ಧ ಮದುವೆಗಳಿಗೆ ಗಾದಿ ಹೊಲಿದು ಕೊಟ್ಟವರು. ಆ ಕೆಮ್ಮಿಗೆ ಮೂರು ತಿಂಗಳಾಗಿತ್ತು.

ನಾನು ಕಲ್ಲವ್ವ, ಈ ಊರಿನ ಆಶಾ ಕಾರ್ಯಕರ್ತೆ. ವಾರಕ್ಕೊಮ್ಮೆ ಅವರ ಕಟ್ಟೆಯ ಮೇಲೆ ಕೂತು ಅದದೇ ಮಾತು ಹೇಳುತ್ತಿದ್ದೆ.

"ಚಾಚಾ, ಎರಡ ವಾರದ ಮ್ಯಾಲೆ ಕೆಮ್ಮು ಇದ್ರ ತೋರಸಬೇಕ್ರಿ. ದವಾಖಾನಿಗೆ ಹೋಗೂಣು ನಡ್ರಿ."

"ಇದು ಅರಳಿ ಧೂಳವ್ವಾ. ನಮ್ಮಪ್ಪನೂ ಹಿಂಗ ಕೆಮ್ಮತಿದ್ದ. ಅರಳಿ ಹಿಂಜಾಂವಗ ಕೆಮ್ಮು ತಪ್ಪತೈತೇನ?"

ಧೂಳಿನ ಕೆಮ್ಮಿಗೆ ದಿನಾ ಸಂಜೆ ಜ್ವರ ಯಾಕೆ ಬರಬೇಕು? ಮೈಮೇಲಿನ ಅಂಗಿ ಎರಡು ಪಟ್ಟು ದೊಡ್ಡದಾಗಿ ಯಾಕೆ ಕಾಣಬೇಕು? ನನಗೆ ಹೆಚ್ಚಿನ ಭಯ ಇದ್ದದ್ದು ಅವರ ಮೊಮ್ಮಗಳು ಶಹನಾಜಳದು. ಐದು ವರ್ಷದ ಕೂಸು, ಅಜ್ಜನ ಮಗ್ಗುಲು ಬಿಟ್ಟು ಮಲಗುತ್ತಿರಲಿಲ್ಲ.

ಅಂಥದ್ದರಲ್ಲಿ, ಗುರುವಾರ ಶಾಲೆಯ ಬಯಲಿಗೆ ಎಕ್ಸ್‌ರೇ ಗಾಡಿ ಬರುತ್ತದೆ, ಎದೆಯ ಫೋಟೋ ಪುಕ್ಕಟೆ ತೆಗೆಯುತ್ತಾರೆ ಎಂದು ಸುದ್ದಿ ಬಂತು. ಓಡಿಹೋಗಿ ಹೇಳಿದೆ. ಚಾಚಾ ಅರಳೆ ಹಿಂಜುತ್ತಲೇ ಇದ್ದರು. ಅವರ ಹೆಂಡತಿ ರಾಜಮಾ ಚಾಚಿ ಒಳಗಿನಿಂದ ಹೊರಗೆ ಬಂದರು.

"ಬ್ಯಾಡವ್ವಾ ತಾಯಿ. ನಮ್ಮಣ್ಣಗ ನರಗುಂದದಾಗ ಎದಿ ಫೋಟೋ ತಗದ್ರು. ಎಂಟ ದಿನದಾಗ ಹೋಗಿಬಿಟ್ಟ. ಆ ಬೆಳಕು ಒಳಗಿಂದೊಳಗ ಸುಡತೈತಿ."

ಅವರ ಅಣ್ಣ ಒಂದು ವರ್ಷ ರಕ್ತ ಕೆಮ್ಮಿದ ಮೇಲೆ ಫೋಟೋ ತೆಗೆಸಿದ್ದರು. ಅವರನ್ನು ಕೊಂದದ್ದು ಫೋಟೋ ಅಲ್ಲ. ಆದರೆ ಅಣ್ಣನನ್ನು ಕಳೆದುಕೊಂಡ ತಂಗಿಯ ಮುಂದೆ ಆ ಮಾತು ಆಡದೆ, ಗಾಡಿ ಬರುವ ಹೊತ್ತು ಮಾತ್ರ ಹೇಳಿ ಬಂದೆ.

ಗುರುವಾರ ಗಾಡಿ ಬಂತು. ಶಹನಾಜ ಗಾಡಿ ನೋಡಬೇಕೆಂದು ಹಟ ಹಿಡಿದಿದ್ದಕ್ಕೆ ಚಾಚಾ, ಚಾಚಿ ಇಬ್ಬರೂ ಬಂದು ಬೇವಿನ ಗಿಡದ ಕೆಳಗೆ ದೂರ ನಿಂತರು. ಚಾಲಕನ ಬಾಗಿಲು ತೆರೆದು ಇಳಿದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ, ತಲೆಗೆ ದುಪ್ಪಟ್ಟಾ, ಮೇಲೆ ಬಿಳಿ ಕೋಟು. ಹೆಸರು ಇಷ್ರತ. ನರಗುಂದದವಳು, ಎಕ್ಸ್‌ರೇ ತೆಗೆಯುವ ಕೆಲಸ ಕಲಿತವಳು.

ಚಾಚಾರಿಗೆ ತಡೆಯಲಾಗಲಿಲ್ಲ. "ಬೇಟಿ, ಇಷ್ಟ ದೊಡ್ಡ ಗಾಡಿ ನೀನ ಹೊಡಕೊಂಡ ಬಂದಿಯೇನ?"

"ಹೌದ್ರಿ ಚಾಚಾ. ಯಾಕ, ಹೆಣ್ಣಮಕ್ಕಳು ಎಕ್ಸ್‌ರೇ ಗಾಡಿ ಹೊಡ್ಯಾಕತ್ತಿ ನೂರ ವರ್ಷದ ಮ್ಯಾಲಾತ್ರಿ."

"ನೂರ ವರ್ಷ? ಯಾರವ್ವಾ ಆಕಿ?"

ಬಿಸಿಲು ಏರಿತ್ತು. ಸಾಲಿನಲ್ಲಿದ್ದವರೆಲ್ಲ ನೆರಳಿಗೆ ಬಂದು ಕೂತರು. ಇಷ್ರತ ಬುತ್ತಿ ಬಿಚ್ಚಿ, ರೊಟ್ಟಿ ಮುರಿಯುತ್ತ ಹೇಳಿದಳು.

"ಮೇರಿ ಕ್ಯೂರಿ ಅಂತ್ರಿ. ಪೋಲೆಂಡ್ ದೇಶದಾಕಿ. ಆಗ ಆ ದೇಶ ಪರರ ಕೈಯಾಗಿತ್ತು, ಹೆಣ್ಣಮಕ್ಕಳಿಗೆ ಕಾಲೇಜಿನ ಬಾಗಲಾ ಮುಚ್ಚಿತ್ತು. ಅಕ್ಕಗೂ ಓದಬೇಕು, ಈಕಿಗೂ ಓದಬೇಕು. ಮನ್ಯಾಗ ಬಡತನ. ಇಬ್ಬರೂ ಕೂಡಿ ಒಂದ ಮಾತ ಮಾಡಿಕೊಂಡ್ರು. ಮೊದಲ ಅಕ್ಕ ಪ್ಯಾರಿಸ್ಸಿಗೆ ಹೋಗಿ ಡಾಕ್ಟರ್ ಆಗೂದು, ಅಲ್ಲೀತನಕ ತಂಗಿ ಮಂದಿ ಮನ್ಯಾಗ ಹುಡುಗರಿಗೆ ಪಾಠ ಹೇಳಿ ರೊಕ್ಕ ಕಳಸೂದು. ಆಮ್ಯಾಲೆ ಅಕ್ಕ ತಂಗೀನ ಕರಕೊಳ್ಳೂದು."

"ಕರಕೊಂಡ್ಳೇನ?" ರಾಜಮಾ ಚಾಚಿ ಯಾವಾಗಲೋ ಹತ್ತಿರ ಬಂದು ಕೂತಿದ್ದರು.

"ಕರಕೊಂಡ್ಳು ಚಾಚಿ. ಮಾತಿಗೆ ತಪ್ಪಲಿಲ್ಲ."

"ಆ ತಾಯಿ ಹೊಟ್ಟಿ ತಣ್ಣಗಿರಲಿ."

ಇಷ್ರತ ಹೇಳುತ್ತ ಹೋದಳು. ಮೇರಿ ಮತ್ತು ಅವಳ ಗಂಡ ಒಂದು ಸೋರುವ ಕೊಟ್ಟಿಗೆಯಂಥ ಜಾಗದಲ್ಲಿ ಕೆಲಸಕ್ಕೆ ನಿಂತರಂತೆ. ಟನ್ನುಗಟ್ಟಲೆ ಅದಿರು ತರಿಸಿ, ದೊಡ್ಡ ಪಾತ್ರೆಗಳಲ್ಲಿ ಕುದಿಸಿ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಆಕೆ ದಿನವಿಡೀ ತಿರುವುತ್ತಿದ್ದಳಂತೆ. ವರ್ಷಗಟ್ಟಲೆ ತಿರುವಿದ ಮೇಲೆ ಕೈಗೆ ಬಂದದ್ದು ಒಂದು ಚಿಟಿಕೆಗಿಂತ ಕಡಿಮೆ. ಅದರ ಹೆಸರು ರೇಡಿಯಂ. ದೀಪವಿಲ್ಲದ ಕತ್ತಲಲ್ಲಿ ತಾನಾಗಿಯೇ ಬೆಳಗುವ ವಸ್ತು.

"ಬೆಳಗತಿತ್ತು? ಎಣ್ಣಿ ಇಲ್ಲದ, ಬತ್ತಿ ಇಲ್ಲದ?" ಚಾಚಾ ಕೆಮ್ಮುವುದನ್ನೂ ಮರೆತಿದ್ದರು.

"ಹೌದ್ರಿ. ಅದನ್ನ ತಗಿಯೂ ರೀತಿ ತನ್ನ ಹೆಸರಿಗೆ ಬರಸಿಕೊಂಡಿದ್ರ ಏಳ ತಲಿಮಾರು ಕೂತ ಉಣಬಹುದಿತ್ತು. ಬರಸಿಕೊಳ್ಳಲಿಲ್ಲ. ಇದು ಎಲ್ಲಾರದು ಅಂದ್ಳು. ಜಗತ್ತಿನ ದೊಡ್ಡ ಬಹುಮಾನ ನೊಬೆಲ್, ಎರಡ ಸಲ ಬಂತು. ಮುಂದ ದೊಡ್ಡ ಯುದ್ಧ ಹತ್ತಿತು. ಸಿಪಾಯಿಗಳ ಮೈಯಾಗ ಗುಂಡು, ಚೂರು. ಎಲ್ಲಿ ಹೊಕ್ಕಾವ ಅಂತ ಗೊತ್ತಾಗದ ಡಾಕ್ಟರು ಕೊಯ್ಯತಿದ್ರು. ಎಕ್ಸ್‌ರೇ ಕಂಡ ಹಿಡದಾಂವ ಬ್ಯಾರೇದಾಂವ. ಆದ್ರ ಯಂತ್ರ ಇದ್ದದ್ದು ದೊಡ್ಡ ಊರಾಗ. ರೋಗಿ ಯಂತ್ರದ ಕಡೆ ಬರಾಕಾಗದಿದ್ರ ಯಂತ್ರಾನ ರೋಗಿ ಕಡೆ ಹೋಗಲಿ ಅಂತ ಈಕಿ ಮೋಟಾರಿನಾಗ ಅದನ್ನ ಇಟ್ಟಳು. ಗಾಡಿ ಹೊಡಿಯೂದು ಕಲತಳು, ಟಾಯರ್ ಬದಲಸೂದೂ ಕಲತಳು. ಹರೇದ ಮಗಳನ್ನ ಕರಕೊಂಡು ಗುಂಡಿನ ಸಪ್ಪಳ ಕೇಳೂವಲ್ಲಿ ಹೋದಳು. ನೂರೈವತ್ತು ಹೆಣ್ಣಮಕ್ಕಳಿಗೆ ನನ್ನ ಈ ಕೆಲಸ ಕಲಿಸಿದಳು."

ಗಿಡದ ಕೆಳಗೆ ಕೂತವರೆಲ್ಲ ಇಷ್ರತಳ ಹತ್ತಿರಕ್ಕೆ ಸರಿದಿದ್ದರು. ನಾನು ಹನ್ನೆರಡು ವರ್ಷ ಈ ಕೆಲಸ ಮಾಡಿದ್ದೇನೆ, ಯಾವ ಸಭೆಯಲ್ಲೂ ಜನ ಹೀಗೆ ಕೇಳಿದ್ದು ಕಂಡಿರಲಿಲ್ಲ.

ಆಗ ರಾಜಮಾ ಚಾಚಿ ಕೇಳಿಯೇ ಬಿಟ್ಟರು. "ಕಡಿಗೆ ಆಕಿ ಹ್ಯಾಂಗ ತೀರಿಕೊಂಡ್ಳವ್ವಾ?"

ಇಷ್ರತ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಆ ರೇಡಿಯಂದಿಂದ, ಎಕ್ಸ್‌ರೇದಿಂದ ಬರೂ ಕಿರಣಗಳಿಂದನ, ಚಾಚಿ. ರಕ್ತದ ರೋಗ ಬಂತು."

ಚಾಚಿ ದಡಕ್ಕನೆ ಎದ್ದು ಗಂಡನ ತೋಳು ಹಿಡಿದರು. "ಕೇಳಿದ್ರಿಲ್ಲೋ? ಅಷ್ಟ ಶಾಣ್ಯಾಕಿನ್ನ ಬಿಡಲಿಲ್ಲ, ನಿಮ್ಮನ್ನ ಬಿಡತೈತೇನ? ಏಳ್ರಿ!" ಸಾಲಿನಲ್ಲಿದ್ದ ಇಬ್ಬರು ಹೆಂಗಸರೂ ಸೆರಗು ಸರಿಮಾಡಿಕೊಂಡು ಎದ್ದರು. ನನಗೆ ಇಷ್ರತಳ ಮೇಲೆ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು?

ಅವಳು ಅವಸರ ಮಾಡಲಿಲ್ಲ. "ಚಾಚಿ, ಖರೇ ಹೇಳೇನಿ, ಪೂರಾ ಕೇಳಿ ಹೋಗ್ರಿ. ಆಕಿ ಆ ರೇಡಿಯಂ ಬರಿಗೈಲೆ ಮುಟ್ಟತಿದ್ಳು, ಕಿಸೇದಾಗ ಇಟಕೊಂಡು ಅಡ್ಡಾಡತಿದ್ಳು. ಒಂದ ದಿನ ಅಲ್ಲ, ಮೂವತ್ತು ವರ್ಷದ ಮ್ಯಾಲೆ. ಆಕಿ ಬರದ ಪುಸ್ತಕ ಇವತ್ತಿಗೂ ಸೀಸದ ಪೆಟಿಗ್ಯಾಗ ಇಟ್ಟಾರ, ಅಷ್ಟು ಕಿರಣ ಅದರಾಗ. ಎಷ್ಟಾದ್ರ ಔಷಧ, ಎಷ್ಟಾದ್ರ ವಿಷ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆಕಿಯಂಥಾವರು ಜೀವಾ ಸವೆಸಿದ ಮ್ಯಾಲೆ ನಮಗ ಗೊತ್ತಾತು."

ಅವಳು ಕೋಟಿಗೆ ಸಿಕ್ಕಿಸಿದ್ದ ಚಿಕ್ಕ ಬಿಲ್ಲೆಯನ್ನು ತೋರಿಸಿದಳು. "ನನ್ನ ಮೈಗೆ ಎಷ್ಟು ಕಿರಣ ತಾಕೈತಿ ಅಂತ ಇದು ಹಿಡದ ಇಟಕೋತೈತಿ. ಮೂರ ತಿಂಗಳಿಗೊಮ್ಮೆ ಪರೀಕ್ಷಾಕ್ಕ ಕಳಸತೀವಿ. ಎಂದೂ ಹದ್ದ ಮೀರಿಲ್ಲ. ಚಾಚಾಗ ಇವತ್ತ ತಾಕೂದು ಎಷ್ಟಂದ್ರ, ಸುಮ್ಮನ ಊರಾಗ ಇದ್ರೂ ಭೂಮಿಯಿಂದ, ಆಕಾಶದಿಂದ ಹತ್ತ ದಿನದಾಗ ಮೈಗೆ ತಾಕತೈತಲ್ಲ, ಹೆಚ್ಚಂದ್ರ ಅಷ್ಟು. ನಿಮ್ಮ ಅಣ್ಣ ಫೋಟೋ ತಗಸೂಕಿಂತ ಮೊದಲ ಎಷ್ಟ ದಿನ ಕೆಮ್ಮಿದ್ರು?"

ಚಾಚಿ ಗಂಡನ ತೋಳು ಬಿಟ್ಟರು. ಮೆಲ್ಲಗೆ, "ವರ್ಷ ಆಗಿತ್ತವ್ವಾ" ಎಂದರು.

ನಬೀಸಾಬ ಚಾಚಾ ನೆಲ ನೋಡುತ್ತ ಕೂತಿದ್ದರು. "ಎಲ್ಲೀದೋ ದೇಶದಾಕಿ. ತಾ ಸುಟಗೊಂಡು ನಮಗ ಅಳತಿ ಹೇಳಿಕೊಟ್ಟ ಹೋದ್ಳು," ಎಂದರು. ಆಮೇಲೆ ಫೋಟೋಕ್ಕೆ ಅಡ್ಡ ಬರದಂತೆ ಕೊರಳಿನ ತಾಯಿತ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಗಾಡಿಯ ಮೆಟ್ಟಿಲು ಹತ್ತಿದರು.

"ಉಸರ ಎಳ್ಕೋರಿ... ಹಿಡೀರಿ... ಬಿಡ್ರಿ. ಆತು."

"ಇಷ್ಟ ಏನ?"

"ಇಷ್ಟರಿ."

ಪರದೆಯ ಮೇಲೆ ಚಿತ್ರ ಮೂಡಿತು. ಒಂದೊಂದು ಪಕ್ಕೆಲುಬೂ ಎಣಿಸುವಂತಿತ್ತು. ನಡುವೆ ಮುಷ್ಟಿಯಷ್ಟು ಹೃದಯದ ನೆರಳು. ಚಾಚಾ ಎರಡೂ ಕೈ ಎದೆಯ ಮೇಲಿಟ್ಟುಕೊಂಡು, "ಯಾ ಅಲ್ಲಾ, ಇದು ನಾನೇನ?" ಎಂದರು. ಅರವತ್ತು ವರ್ಷ ಹೊತ್ತು ತಿರುಗಿದ ತನ್ನೊಳಗನ್ನು ಮನುಷ್ಯ ಮೊದಲ ಸಲ ನೋಡುವಾಗಿನ ಮುಖ ಅದು.

ಬಲಗಡೆ, ಮೇಲೆ, ಹಿಂಜಿದ ಅರಳೆಯಂಥ ಬಿಳಿ ಮಚ್ಚೆ ಇತ್ತು.

"ಅದ ಅರಳಿ ಧೂಳ, ಹೌದಿಲ್ಲೋ?"

"ಧೂಳ ಹಿಂಗ ಕಾಣೂದಿಲ್ಲ ಚಾಚಾ. ಕ್ಷಯ ಇರಬಹುದು. ಫೋಟೋ ಒಂದ ನೋಡಿ ಹೇಳಾಕ ಬರೂದಿಲ್ಲ, ಕಫ ಪರೀಕ್ಷಾ ಆಗಬೇಕು. ಹೆದರಬ್ಯಾಡ್ರಿ. ಗುಣ ಆಗೂ ರೋಗ ಇದು."

ಕಫದಲ್ಲಿ ಕ್ಷಯ ಎಂದೇ ಬಂತು. ರೋಣದ ಸರಕಾರಿ ದವಾಖಾನೆಯ ಡಾಕ್ಟರು ಆರು ತಿಂಗಳ ಗುಳಿಗೆ ಬರೆದುಕೊಟ್ಟರು, ಎಲ್ಲವೂ ಪುಕ್ಕಟೆ. ಮನೆಯವರನ್ನೂ ಪರೀಕ್ಷೆ ಮಾಡಿದರು. ಶಹನಾಜಳಿಗೆ ರೋಗ ತಗುಲಿರಲಿಲ್ಲ, ಮುಂದೆ ತಗುಲದಂತೆ ಔಷಧ ಕೊಟ್ಟರು. ಆ ಮಾತು ಕೇಳಿ ಚಾಚಿ ದವಾಖಾನೆಯ ಬಾಗಿಲಲ್ಲೇ ಕೂತು ಅತ್ತರು.

ಎರಡು ತಿಂಗಳಿಗೆ ಕೆಮ್ಮು ನಿಂತಿತು, ಊಟ ಸೇರಿತು. "ಆರಾಮ ಆಗೇನಿ, ಗುಳಿಗಿ ಸಾಕು" ಎಂದು ಚಾಚಾ ಹಟ ಮಾಡಿದರು. ನಾನು ಹೋಗುವಷ್ಟರಲ್ಲಿ ಚಾಚಿ ನೀರಿನ ಲೋಟ ಹಿಡಿದು ಎದುರಿಗೆ ನಿಂತಿದ್ದರು. "ಆಕಿ ವರ್ಷಾನಗಟ್ಟಲೆ ಸಲಾಕಿ ತಿರುವಿದ್ಳು. ನಿಮಗ ಆರ ತಿಂಗಳ ಗುಳಿಗಿ ನುಂಗಾಕ ಆಗೂದಿಲ್ಲೇನ? ಬಾಯಿ ತಗೀರಿ!" ಚಾಚಾ ಬಾಯಿ ತೆರೆದರು. ಆರು ತಿಂಗಳೂ ತಪ್ಪಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ರೋಗ ಇರಲಿಲ್ಲ.

ಮೊನ್ನೆ ಶುಕ್ರವಾರ ಹೋದಾಗ ಚಾಚಿ ಆಗಷ್ಟೇ ನಮಾಜು ಮುಗಿಸಿ ಎದ್ದಿದ್ದರು.

"ಕಲ್ಲವ್ವಾ, ನಮ್ಮವರೆಲ್ಲಾರ ಹೆಸರಲೆ ದುವಾ ಮಾಡಿದೆ. ನಮ್ಮಣ್ಣನ ಹೆಸರಲೆ ಮಾಡಿದೆ. ಆಮ್ಯಾಲೆ ಮೇರಿಬೀ ಹೆಸರಲೇನೂ ಮಾಡಿದೆ. ನಡೀತೈತಿಲ್ಲೋ?"

ಅಷ್ಟು ದೂರದ ಹೆಣ್ಣುಮಗಳು ನಮ್ಮ ಓಣಿಯ ಪ್ರಾರ್ಥನೆಯೊಳಗೆ ಬಂದು ಸೇರಿದ್ದಳು. ನಾನು, "ನಡೀತೈತಿ ಚಾಚಿ" ಎಂದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು ಇದೆಯೇ? ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದೆಯೇ? ಧೂಳು, ಬೀಡಿ, ವಯಸ್ಸು ಎಂದು ನೆಪ ಹೇಳಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಕಫ ಪರೀಕ್ಷೆ ಮಾಡಿಸಿ, ಹೇಳಿದರೆ ಎಕ್ಸ್‌ರೇ ತೆಗೆಸಿ. ಬಸುರಿಯಾಗಿದ್ದರೆ ಎಕ್ಸ್‌ರೇಗೆ ಮೊದಲೇ ತಿಳಿಸಿ. ಗುಳಿಗೆ ಶುರುವಾದರೆ ಡಾಕ್ಟರು ಸಾಕು ಎನ್ನುವ ತನಕ ಬಿಡಬೇಡಿ. ಒಬ್ಬಳು ತನ್ನ ಜೀವ ತೇಯ್ದು ತೋರಿಸಿಕೊಟ್ಟ ದಾರಿ ನಿಮ್ಮ ಊರಿನ ತನಕ ಬಂದಿದೆ. ನೀವು ನಡೆಯಬೇಕಾದದ್ದು ನಿಮ್ಮ ಮನೆಯಿಂದ ದವಾಖಾನೆಯ ತನಕ, ಅಷ್ಟೇ. ಇವತ್ತೇ ಹೊರಡಿ.