ಸೂಜಿ ಆಂಟಿಯ ಕೈ

ಹುಲ್ಲು ಅಲುಗಿತು, ಫ್ಯಾನಿನ ಗಾಳಿ ಇರಬೇಕು, ಅಲ್ಲ, ಗಾಳಿಗಾದರೆ ಎಲ್ಲ ಎಳೆಗಳೂ ಅಲುಗಬೇಕಿತ್ತು, ಇದು ರಟ್ಟಿನ ಗೂಡಿನ ಬಾಯಲ್ಲಿರುವ ಎರಡೇ ಎಳೆ, ಒಳಗಿನಿಂದ ಯಾರೋ ಮೂಗಿನಲ್ಲಿ ತಳ್ಳಿದ ಹಾಗೆ — ನೋಡಬೇಡ, ಆ ಕಡೆ ನೋಡು ಎಂದು ತನಗೆ ತಾನೇ ಗದರಿಕೊಂಡು ಅವಳು ಕತ್ತೆತ್ತಿ ಫ್ಯಾನ್ ನೋಡಿದಳು, ರೆಕ್ಕೆಯ ಅಂಚಿಗೆ ಧೂಳು ಮೆತ್ತಿದೆ, ಒರೆಸಬೇಕು, ಈಗಲ್ಲ, ಈಗ ಎದ್ದರೆ ಬೆಳಗಿನಿಂದ ಕೂತದ್ದೆಲ್ಲ ಮಣ್ಣುಪಾಲು, ನೆಲದ ತಂಪು ತೊಡೆಗೆ ಏರಿದೆ, ಎಡಗಾಲು ಜೋಮು ಹಿಡಿದಿದೆ, ಹಿಡಿಯಲಿ, ಬಲಗೈಯಂತೂ ತಂತಿ ಬೇಲಿಯ ಪುಟ್ಟ ಬಾಗಿಲಿನಿಂದ ಒಳಗೆ ಹೋಗಿ ಉದ್ದಕ್ಕೆ ಮಲಗಿದೆ, ಅಂಗೈ ಮೇಲಾಗಿ, ಅದರಲ್ಲಿ ಒಂದು ಕೊತ್ತಂಬರಿ ಕಡ್ಡಿ, ಆ ಕೈ ತನ್ನದೇ ಅಲ್ಲ, ಯಾರೋ ಮರೆತು ಬಿಟ್ಟುಹೋದದ್ದು ಎನ್ನುವ ಹಾಗೆ. ಗೂಡಿನೊಳಗೆ ಎರಡು ಗಿನಿಪಿಗ್, ಇಲಿಗಿಂತ ದಪ್ಪ, ಮೊಲಕ್ಕಿಂತ ಚಿಕ್ಕ, ಬಾಲವೆಂಬುದೇ ಇಲ್ಲ, ಕಂದು ಬಣ್ಣದ ಹೊಟ್ಟೆಬಾಕ ಉಂಡೆ, ಕಪ್ಪು ಬಣ್ಣದ ಪುಕ್ಕಲು ಮಸಿ, ಹೆಸರಿಟ್ಟವಳು ತಾನೇ, ಆದರೆ ಹೆಸರಿಟ್ಟ ಮಾತ್ರಕ್ಕೆ ತನ್ನವಾಗುತ್ತವೆಯೇ, ಇವತ್ತು ಭಾನುವಾರ, ಊಟದ ಹೊತ್ತಿಗೆ ನಾದಿನಿ ಬರುತ್ತಾಳೆ, ಕೈಯಲ್ಲಿ ಗಾಳಿತೂತಿನ ಡಬ್ಬಿ ಹಿಡಿದುಕೊಂಡೇ ಬರುತ್ತಾಳೆ, ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಾಳೆ, ನೋಡಿ ಅತ್ತಿಗೆ, ಭಾನುವಾರದೊಳಗೆ ಅವು ನಿಮ್ಮ ಕೈಗೆ ಬಂದ್ರೆ ಸರಿ, ಇಲ್ಲಾಂದ್ರೆ ನಾನೇ ತಗೊಂಡ್ಹೋಗಿ ಬೇರೆ ಯಾರಿಗಾದ್ರೂ ಕೊಡ್ತೀನಿ, ಹೆದರಿ ಹೆದರಿ ಸತ್ತುಹೋದಾವು, ಪಾಪ. ಆ ಪಾಪ ಯಾರಿಗೆ, ಗಿನಿಪಿಗ್‌ಗಳಿಗೋ ತನಗೋ ಎಂದು ಅವಳು ಕೇಳಲಿಲ್ಲ.

ಆ ಕಡೆ ನೋಡಿ, ಫ್ಯಾನ್ ನೋಡಿ, ಈ ಮಾತನ್ನು ಎಷ್ಟು ಸಾವಿರ ಜನಕ್ಕೆ ಹೇಳಿದ್ದಾಳೋ, ಲ್ಯಾಬಿನ ಆ ಹಸಿರು ಪರದೆಯ ಹಿಂದೆ, ಮುಷ್ಟಿ ಹಿಡೀರಿ, ಹಾಂ, ಫ್ಯಾನ್ ನೋಡಿ, ಎನ್ನುವಷ್ಟರಲ್ಲಿ ರಬ್ಬರ್ ಪಟ್ಟಿ ಬಿಗಿದು, ಬೆರಳಲ್ಲಿ ನರ ಹುಡುಕಿ, ಸ್ಪಿರಿಟ್ ಹತ್ತಿ ಒರೆಸಿ, ಸೂಜಿ ಒಳಗೆ, ಕಣ್ಣು ಮಿಟುಕಿಸುವುದರೊಳಗೆ ರಕ್ತ ಕೊಳವೆಗೆ, ಆಯ್ತು ಏಳಿ, ಅಯ್ಯೋ ಆಗೇಹೋಯ್ತಾ ಎಂದು ದೊಡ್ಡವರು ಬಾಯಿ ಬಿಡುತ್ತಾರೆ, ಅವಳ ಕೈ ಅಷ್ಟು ಚುರುಕು, ಡಾಕ್ಟರೇ ತಮ್ಮ ರಕ್ತ ತೆಗೆಸಲು ಅವಳನ್ನು ಹುಡುಕಿಕೊಂಡು ಬರುತ್ತಾರೆ, ಅದು ಸುಮ್ಮನೆ ಬಂದ ಹೆಸರಲ್ಲ. ಆದರೆ ಮಕ್ಕಳು — ಮಕ್ಕಳಿಗೆ ಅವಳು ಸೂಜಿ ಆಂಟಿ, ಪರದೆ ಸರಿಸಿದರೆ ಸಾಕು, ಊರು ಹತ್ತಿ ಉರಿಯುವ ಹಾಗೆ ಅಳು, ಅದೂ ಇರಲಿ, ಕೆಲಸ ಅಂದಮೇಲೆ ಅದೆಲ್ಲ ಇದ್ದದ್ದೇ, ಆದರೆ ಆ ದಿನ ತರಕಾರಿ ಅಂಗಡಿಯಲ್ಲಿ, ಬಿಳಿ ಕೋಟಿಲ್ಲ, ಸೂಜಿಯಿಲ್ಲ, ಕೈಯಲ್ಲಿ ಎರಡು ಸೌತೆಕಾಯಿ ಅಷ್ಟೇ, ಎದುರಿಗೆ ಎರಡು ಜಡೆಯ ಪುಟ್ಟ ಹುಡುಗಿ, ಮುದ್ದಾಗಿ ನಕ್ಕು ಕೆನ್ನೆ ಮುಟ್ಟೋಣವೆಂದು ಕೈ ಚಾಚಿದಳು, ಹುಡುಗಿ ಮುಖದ ಬಣ್ಣವೇ ಬದಲಾಗಿ ಅಮ್ಮನ ಹಿಂದೆ ಅವಿತುಕೊಂಡಳು, ಅಮ್ಮನೋ ನಗುನಗುತ್ತ, ಏನೂ ತಿಳ್ಕೋಬೇಡಿ ಮೇಡಂ, ಊಟ ಮಾಡದೇ ಇದ್ರೆ ಸೂಜಿ ಆಂಟೀನ ಕರೀತೀನಿ ಅಂತ ಹೆದರಿಸಿರ್ತೀನಿ, ಅದಕ್ಕೇ. ಅವಳೂ ನಕ್ಕಳು, ನಗದೆ ಏನು ಮಾಡುವುದು, ದಾರಿಯುದ್ದಕ್ಕೂ ಆ ಚಾಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ಚೀಲದ ಹಿಡಿಗೆ ಸುತ್ತಿಕೊಂಡು ಮನೆಗೆ ಬಂದಳು. ಯಾರೋ ಮನೆ ಬದಲಿಸುವವರು ಗಿನಿಪಿಗ್ ಕೊಡ್ತಾರಂತೆ, ನಮ್ಮನೇಲಿ ಜಾಗ ಇಲ್ಲ, ಬೇಕಾ ಅತ್ತಿಗೆ ಎಂದು ನಾದಿನಿ ಕೇಳಿದ್ದು ಅದೇ ವಾರ, ಬೇಕು ಎಂದಳು, ಯಾಕೆ ಬೇಕು ಎಂದು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ನಗುತ್ತಿದ್ದರು, ಒಂದೇ ಒಂದು ಜೀವ ತನ್ನ ಕೈಯನ್ನು ಕಂಡು ಓಡದೆ ಹತ್ತಿರ ಬರಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ದುಡ್ಡು ಕೊಟ್ಟು ಇಲಿ ಓಡಿಸೋರನ್ನ ಕಂಡಿದ್ದೀನಿ, ಕರ್ಕೊಂಡು ಬರೋ ಸೊಸೇನ ಇವತ್ತೇ ನೋಡಿದ್ದು, ಇದು ಅವು ಮನೆಗೆ ಬಂದ ದಿನ ಅತ್ತೆ ಅಂದದ್ದು, ಬಾಗಿಲಲ್ಲೇ, ಮೂಗಿನ ಮೇಲೆ ಬೆರಳಿಟ್ಟುಕೊಂಡು. ಅವಳು ಕಿವಿಗೆ ಹಾಕಿಕೊಳ್ಳದೆ ಬೇಲಿ ನಿಲ್ಲಿಸಿದಳು, ಹುಲ್ಲು ಹಾಸಿದಳು, ನೀರಿನ ಬಾಟಲಿ ತಗುಲಿಸಿದಳು, ಎಲ್ಲ ಸರಿಯಾಗಿಯೇ ಇತ್ತು, ಆಮೇಲೆ ಕೈ ತೊಳೆದುಕೊಂಡಳಲ್ಲ, ಅಲ್ಲಿಯೇ ಎಡವಿದ್ದು, ಮಾಮೂಲಿನಂತೆ ಸ್ಪಿರಿಟ್ ಸುರಿದುಕೊಂಡು ಬೆರಳ ಸಂದಿಯೆಲ್ಲ ತಿಕ್ಕಿಕೊಂಡಳು, ಜೀವ ಮುಟ್ಟುವ ಮೊದಲು ಕೈ ಶುದ್ಧವಿರಬೇಕು, ಇಷ್ಟು ವರ್ಷದ ರೂಢಿ, ಮತ್ತೆ ಕೈಯನ್ನು ಮೇಲಿನಿಂದ ಸರ್ರನೆ ಇಳಿಸಿದಳು, ಗೊತ್ತಾಗುವುದರೊಳಗೆ ಮುಗಿಸಿಬಿಡಬೇಕು, ಅದೂ ರೂಢಿಯೇ, ಬಾಯಲ್ಲಿ ಅದೇ ಹಾಡು, ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ — ಇರುವೆ! ಗಿನಿಪಿಗ್‌ಗೆ ಇರುವೆ ಲೆಕ್ಕ ಹೇಳಿದ ಮೊದಲ ಹೆಂಗಸು ತಾನೇ ಇರಬೇಕು — ಮಸಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ, ಉಂಡೆ ನೀರಿನ ಬಾಟಲಿಗೆ ಡಿಕ್ಕಿ ಹೊಡೆದು ಗೂಡಿಗೆ ನುಗ್ಗಿತು, ಆಮೇಲೆ ಎರಡೂ ಕಲ್ಲಿನ ಹಾಗೆ ಕುಳಿತುಬಿಟ್ಟವು, ಅವಳು ಕೋಣೆಯಲ್ಲಿದ್ದಷ್ಟು ಹೊತ್ತು ತುತ್ತು ಮುಟ್ಟಲಿಲ್ಲ, ಹೊರಗೆ ಹೋದ ಮೇಲೆ ಸೌತೆಕಾಯಿ ಮಾಯ. ಮಾರನೆಯ ದಿನ ಇನ್ನಷ್ಟು ಬೇಗ ಕೈ ಹಾಕಿದಳು, ಇನ್ನಷ್ಟು ಕಿರುಚಿದವು, ಅವಳಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ, ಬೇಗ ಮಾಡುವುದು.

ಅತ್ತೆಯೇ ಒಂದು ದಿನ ತಿಂಡಿ ತಟ್ಟೆ ತೆಗೆದುಕೊಳ್ಳುತ್ತ ಅಂದರು, ನೀನು ಹತ್ತಿರ ಬಂದ್ರೆ ನನಗೇ ಎದೆ ಡವಡವ ಅನ್ನತ್ತೆ ಕಣೇ, ಯಾರಿಗೆ ಏನಾಯ್ತೋ ಅಂತ, ಆಸ್ಪತ್ರೇನೇ ಎದ್ದು ಬಂದ ಹಾಗೆ ವಾಸನೆ. ತಮಾಷೆಗೆ ಅಂದದ್ದು, ಅವಳಿಗೆ ಮಾತ್ರ ಕೈ ಮೂಗಿಗೆ ತಂದು ನೋಡುವಂತಾಯಿತು, ಇಷ್ಟು ವರ್ಷ ಅಂಟಿಕೊಂಡ ವಾಸನೆ ತನಗೇ ಬಾರದು, ಆದರೂ ಎಲ್ಲೋ ಒಂದೆಳೆ ಸಿಕ್ಕಿತು, ತಣ್ಣಗೆ, ಚೂಪಾಗಿ, ಅದೇ ವಾಸನೆ ಬಂದ ಕೂಡಲೇ ಮಕ್ಕಳು ಅಳುವುದು, ಹಾಗಾದರೆ ಇವುಗಳದ್ದೇನು ತಪ್ಪು. ಅಂದಿನಿಂದ ಬರೀ ನೀರು, ಮತ್ತೆ ಮತ್ತೆ ಬರೀ ನೀರು, ಕೈಗೆ ಒಣಹುಲ್ಲು ಉಜ್ಜಿಕೊಂಡು ಹಸುವಿನ ಹಾಗೆ ನಾರುತ್ತ ಬೇಲಿ ಪಕ್ಕ ಕೂರುವುದು, ಕೈ ನೆಲದಲ್ಲಿ ಇಟ್ಟು ಮರೆತುಬಿಡುವುದು, ಅಯ್ಯೋ ಅದೆಷ್ಟು ಕಷ್ಟ, ಬೇಗ ಮಾಡಲು ಕಲಿತವಳಿಗೆ ಏನೂ ಮಾಡದಿರುವುದು ಎಷ್ಟು ಕಷ್ಟ, ಬೆರಳು ತಂತಾನೇ ನರ ಹುಡುಕಲು ಹೊರಟ ಹಾಗೆ ಮಿಡುಕುತ್ತದೆ, ಕಣ್ಣು ಗೂಡಿನ ಬಾಯಿಗೇ ಹೋಗುತ್ತದೆ, ನೋಡಿದರೆ ಒಳಗೆ ಸರಿಯುತ್ತವೆ, ನೋಡದಿದ್ದರೆ ಹೊರಗೆ ಇಣುಕುತ್ತವೆ, ಕೊನೆಗೆ ತನಗೂ ಅದೇ ಮದ್ದು, ಆ ಕಡೆ ನೋಡು, ಫ್ಯಾನ್ ನೋಡು. ಏನೂ ಆಗಲ್ಲ ಎಂಬ ಮಾತನ್ನು ಬಿಟ್ಟಳು, ಬದಲಿಗೆ ಲ್ಯಾಬಿನ ಸುದ್ದಿ ಹೇಳತೊಡಗಿದಳು ಮೆಲ್ಲಗೆ, ಇವತ್ತು ಒಬ್ಬರು, ಮೀಸೆ ನೋಡಿದ್ರೆ ಹುಲಿ, ಸೂಜಿ ನೋಡಿದ ತಕ್ಷಣ ಕುರ್ಚಿಯಿಂದ ಜಾರಿ ಬಿದ್ರು ಕಣ್ರೋ, ನಾನೂ ಡಾಕ್ಟರೂ ಸೇರಿ ಎತ್ತಿದ್ವಿ. ಗೂಡಿನೊಳಗಿಂದ ಕುಯ್ ಎಂದಿತು ಒಂದು, ನಕ್ಕಿತೋ ಬೈಯಿತೋ. ಪಕ್ಕದ ಕೋಣೆಯಿಂದ ಅತ್ತೆ, ಯಾರ ಜೊತೆ ಮಾತಾಡ್ತಿದ್ದೀಯೇ, ನಿನ್ನ ಗಂಡ ಮಲಗಿದ್ದಾನೆ, ಎಬ್ಬಿಸಬೇಡ. ಆಮೇಲೆ ಒಂದು ದಿನ ಉಂಡೆ ಹೊರಗೆ ಬಂದು ಮೊಳ ದೂರದಲ್ಲಿ ನಿಂತು ಸೌತೆಕಾಯಿ ತಿಂದಿತು, ಇನ್ನೊಂದು ದಿನ ಹಿಂಗಾಲು ಚಿಮ್ಮಿ ನಿಂತಲ್ಲೇ ಪುಟಪುಟನೆ ಹಾರಿತು, ಖುಷಿಯಾದರೆ ಹಾಗೆ ಹಾರುತ್ತವಂತೆ, ಅವಳು ಆ ದಿನ ಲ್ಯಾಬಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು, ರಕ್ತ ಕೊಡಲು ಬಂದವರಿಗೂ ಹೇಳಿದಳು, ಅವರು ಫ್ಯಾನ್ ನೋಡುವುದನ್ನೇ ಮರೆತರು. ಆದರೆ ಕೈಯ ಹತ್ತಿರ? ಕೈಯ ಹತ್ತಿರ ಯಾವುದೂ ಬರಲಿಲ್ಲ, ಆ ಒಂದು ಗೇಣು ಜಾಗ ಯಾರೋ ಗೆರೆ ಎಳೆದ ಹಾಗೆ ಖಾಲಿಯೇ ಉಳಿಯಿತು.

ಹುಲ್ಲು ಮತ್ತೆ ಅಲುಗಿದೆ, ನೋಡಬೇಡ, ಉಂಡೆಯೇ ಇರಬೇಕು, ಹೊಟ್ಟೆಯ ಆಸೆಗೆ ಅದೇ ಮೊದಲು ಬರುವುದು, ಬರಲಿ, ಯಾರು ಬಂದರೂ ಸರಿ, ಕೊತ್ತಂಬರಿ ಬಾಡತೊಡಗಿದೆ, ಹೊರಗೆ ಬೀದಿಯಲ್ಲಿ ಯಾರದೋ ಗಾಡಿ ನಿಂತಿತು, ನಾದಿನಿಯೇ? ಇಲ್ಲ, ಮುಂದೆ ಹೋಯಿತು, ಎದೆ ಯಾಕಿಷ್ಟು ಹೊಡೆದುಕೊಳ್ಳುತ್ತಿದೆ, ಇದೇ ಇರಬೇಕು, ಪರದೆಯ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಆಗುವುದು — ಬೆರಳ ತುದಿಗೆ ಏನೋ ತಾಗಿತು. ಮೀಸೆ. ಕೂದಲೆಳೆಗಿಂತ ಹಗುರ, ಕಚಗುಳಿ, ಕೈ ಎಳೆದುಕೊಳ್ಳಬೇಡ, ದೇವರೇ, ಕೈ ಎಳೆದುಕೊಳ್ಳಬೇಡ, ಫ್ಯಾನ್ ತಿರುಗುತ್ತಿದೆ, ಧೂಳು ತಿರುಗುತ್ತಿದೆ, ಒದ್ದೆ ಮೂಗು ತೋರುಬೆರಳನ್ನು ಮೂಸಿತು, ಮಧ್ಯದ ಬೆರಳನ್ನು ಮೂಸಿತು, ಈಗ ಓಡುತ್ತದೆ, ಈಗ, ಓಡಲಿಲ್ಲ, ಅಂಗೈಯಲ್ಲಿ ಮೊದಲು ಒಂದು ಪುಟ್ಟ ಭಾರ, ಆಮೇಲೆ ಇನ್ನೊಂದು, ಎರಡು ಮುಂಗಾಲು, ತಣ್ಣಗಿನ ಎರಡು ಮುಂಗಾಲು ತನ್ನ ಅಂಗೈಯಲ್ಲಿ ಊರಿ ನಿಂತಿವೆ, ಕೊತ್ತಂಬರಿ ಕರಕರ ಕತ್ತರಿಸುವ ಸದ್ದು, ಇನ್ನು ತಡೆಯಲಾಗದೆ ಓರೆಗಣ್ಣು ಬಿಟ್ಟು ನೋಡಿದಳು, ಕಪ್ಪು. ಉಂಡೆಯಲ್ಲ, ಮಸಿ! ಪುಕ್ಕಲು ಮಸಿ, ಕಿರುಚಿದ ಮಸಿ, ಉಂಡೆ ಹಿಂದೆ ನಿಂತು ಪಿಳಿಪಿಳಿ ನೋಡುತ್ತಿದೆ, ಅವಳಿಗೆ ಎದ್ದು ಕುಣಿಯಬೇಕು, ಭಾನುವಾರದ ನಿದ್ದೆಯಲ್ಲಿರುವ ಗಂಡನನ್ನು ಎಬ್ಬಿಸಬೇಕು, ಬೀದಿಗೆ ಹೋಗಿ ಕೂಗಬೇಕು, ಏನೂ ಮಾಡುವ ಹಾಗಿಲ್ಲ, ಉಸಿರು ಬಿಡುವುದಕ್ಕೂ ಹೆದರಿಕೆ, ಕಣ್ಣಲ್ಲಿ ಮಾತ್ರ ನೀರು ತುಂಬಿತು, ಮೂಗಿನ ತುದಿಯಿಂದ ತೊಟ್ಟಿಕ್ಕಿತು, ಒರೆಸಿಕೊಳ್ಳಲಿಲ್ಲ. ಹಿಂದೆ ಬಾಗಿಲ ಹತ್ತಿರ ಅತ್ತೆಯ ಉಸಿರು, ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬಂತಲ್ಲೇ, ಎಂದರು ಪಿಸುಮಾತಲ್ಲಿ, ಜೀವಮಾನದಲ್ಲೇ ಮೊದಲ ಬಾರಿಗೆ ಪಿಸುಮಾತಲ್ಲಿ, ಬಂತು ಅತ್ತೆ, ಎಂದಳು ಅವಳೂ ಪಿಸುಮಾತಲ್ಲೇ.

ಕರೆಗಂಟೆ. ನಾದಿನಿಯ ಚಪ್ಪಲಿ, ನಾದಿನಿಯ ಸಡಗರ, ಡಬ್ಬಿ ನೆಲಕ್ಕೆ ಇಟ್ಟ ಸದ್ದು, ಎಲ್ಲಿ ಅಮ್ಮಾ ನಿನ್ನ ಸೊಸೆ, ಇನ್ನೂ ತಪಸ್ಸು ಮುಗಿದಿಲ್ವಾ, ಅತ್ತೆ ಶ್ ಶ್ ಎನ್ನುತ್ತಿದ್ದಾರೆ, ಯಾರು ಕೇಳುತ್ತಾರೆ, ಕೋಣೆಯೊಳಗೆ ಬಂದೇಬಿಟ್ಟಳು, ಮಸಿಯ ಬೆನ್ನು ಸೆಟೆಯಿತು, ಅಗಿಯುವುದು ನಿಂತಿತು, ಕಾಲು ಮಾತ್ರ ಹಾಗೆಯೇ, ಎರಡು ಮುಂಗಾಲು ಅಂಗೈಯಲ್ಲಿ — ಅಯ್ಯೋ ಬಂದ್ಬಿಟ್ಟಿದೆ! ಎಷ್ಟು ಮುದ್ದಾಗಿದೆ ಅತ್ತಿಗೆ, ಬಾರೋ ಕಂದಾ, ಎಂದವಳೇ ಬಗ್ಗಿ ಕೈ ಚಾಚಿದಳು, ಮೇಲಿನಿಂದ, ಸರ್ರನೆ, ಬೇಡ ಎನ್ನುವಷ್ಟೂ ಸಮಯ ಸಿಗಲಿಲ್ಲ, ಇದೇ ಕೈ, ತಾನು ಅಂದು ಇಳಿಸಿದ್ದು ಇದೇ ಕೈ, ಎಲ್ಲ ಹೋಯಿತು ಎಂದು ಅವಳು ಕಣ್ಣು ಮುಚ್ಚಿದಳು, ಉಂಡೆ ದಡಬಡ ಗೂಡಿಗೆ ನುಗ್ಗಿದ ಸದ್ದು, ಹುಲ್ಲು ಚೆಲ್ಲಿದ ಸದ್ದು, ಮಸಿಯೂ ಅಂಗೈ ಬಿಟ್ಟು ಓಡಿತು, ಆದರೆ ಗೂಡಿನ ಕಡೆಗಲ್ಲ. ಮಣಿಕಟ್ಟಿನ ಮೇಲೆ ಉಗುರು, ತೋಳಿನ ಮೇಲೆ ಉಗುರು, ಬೆಚ್ಚನೆಯ ಹೊಟ್ಟೆ, ಉದ್ದಕ್ಕೂ ತನ್ನ ಕೈಯ ಮೇಲೆಯೇ ಓಡಿಬಂದು ಮೊಣಕೈ ಮಡಿಕೆಯಲ್ಲಿ ತಲೆ ತುರುಕಿ ಅದು ಅವಿತುಕೊಂಡಿತು.

ಅಯ್ಯೋ, ನನ್ನ ಕಂಡ್ರೆ ಯಾಕೆ ಹೀಗೆ ಹೆದರತ್ತೆ ಅತ್ತಿಗೆ, ನಾನೇನು ಮಾಡ್ದೆ, ಎಂದು ನಾದಿನಿ ಚಾಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದಾಳೆ, ಮೇಲಿಂದ ಕೈ ತರಬೇಡಮ್ಮ, ಕೂತ್ಕೋ, ಪಕ್ಕದಲ್ಲಿ ಕೂತ್ಕೊಂಡು ಫ್ಯಾನ್ ನೋಡು, ಕಲಿಸ್ಕೊಡ್ತೀನಿ, ಎಂದ ದನಿ ತನ್ನದೇ, ಎಷ್ಟು ನಿಧಾನವಾಗಿದೆ ಈ ದನಿ, ಅತ್ತೆ ಆಗಲೇ ಖಾಲಿ ಡಬ್ಬಿ ಎತ್ತಿ ಮಗಳ ಕೈಗೆ ಕೊಡುತ್ತಿದ್ದಾರೆ, ಹೋಗುವಾಗ ನಾಲ್ಕು ಸೌತೆಕಾಯಿ ಹಾಕ್ಕೊಂಡ್ಹೋಗು, ಬರಿಗೈಲಿ ಹೋದೆ ಅನ್ನೋ ಹಾಗಾಗೋದು ಬೇಡ, ಯಾರೋ ನಗುತ್ತಿದ್ದಾರೆ, ಫ್ಯಾನ್ ತಿರುಗುತ್ತಿದೆ, ನಾದಿನಿ ಇನ್ನೂ ಏನೋ ಕೇಳುತ್ತಿದ್ದಾಳೆ, ಅವಳಿಗೆ ಕೇಳಿಸುತ್ತಿಲ್ಲ, ತೋಳು ಮಡಿಚದೆ, ಕದಲದೆ ಕೂತಿದ್ದಾಳೆ, ಮಡಿಕೆಯೊಳಗೆ ಒಂದು ಮೂಗು, ಅದರ ಕೆಳಗೆ ಎರಡು ಮುಂಗಾಲು, ತಾನು ದಿನವೂ ಬೆರಳಿಟ್ಟು ಜನರ ನರ ಹುಡುಕುವ ಅದೇ ಜಾಗದಲ್ಲಿ ಅದರ ಎದೆ ಟಕಟಕ ಹೊಡೆದುಕೊಳ್ಳುತ್ತಿದೆ, ಟಕಟಕ, ಈಗ ಸ್ವಲ್ಪ ನಿಧಾನ, ಎರಡು ಮುಂಗಾಲು, ಇನ್ನೂ ನಿಧಾನ, ಎರಡು ಮುಂಗಾಲು —